ಐವತ್ತೇಳನೇ ಹಾಳೆಯ ಬೆಟ್ಟ

ನಕ್ಷೆ ಗುಮಾಸ್ತರ ವಶದಲ್ಲಿ ನಾನೂರ ಹನ್ನೆರಡು ಬೆಟ್ಟಗಳಿದ್ದವು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ದಾಸ್ತಾನು ಪುಸ್ತಕದಲ್ಲಿ ಹಾಗೇ ಬರೆದಿದೆ. ಸರ್ವೆ ಕಚೇರಿಯ ನೆಲಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ಅಗಲವಾದ ಕಬ್ಬಿಣದ ಖಾನೆಗಳೊಳಗೆ ಅವು ಒಂದರ ಮೇಲೊಂದು ಮಲಗಿದ್ದವು. ಯಾವುದಾದರೂ ಇಲಾಖೆಯವರು ಚೀಟಿ ತಂದರೆ ಗುಮಾಸ್ತರು ಖಾನೆ ಎಳೆದು, ಬೇಕಾದ ಬೆಟ್ಟವನ್ನು ಸುರುಳಿ ಸುತ್ತಿ, ದಾರ ಕಟ್ಟಿ, ರುಜು ಹಾಕಿಸಿಕೊಂಡು ಕೊಡುವರು. ವಾಪಸ್ ಬಂದಾಗ ಬಿಚ್ಚಿ ನೋಡುವರು: ಶಿಖರ ಹರಿದಿದೆಯೇ, ಕಣಿವೆಯಲ್ಲಿ ಚಹಾ ಬಿದ್ದಿದೆಯೇ ಎಂದು. ಇಪ್ಪತ್ತೊಂಬತ್ತು ವರ್ಷಗಳಿಂದ ಅವರಿಗೆ ಇದೇ ಕೆಲಸ.

ಇಂಥ ಮನುಷ್ಯ ಮನೆಯಲ್ಲಿ ಸ್ಟೂಲು ಹತ್ತುತ್ತಿರಲಿಲ್ಲ. ಬಲ್ಬು ಹೋದರೆ ಹೆಂಡತಿ ಹತ್ತುವರು. ಇವರು ಕೆಳಗೆ ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿಕೊಳ್ಳುವರು. ಎರಡನೇ ಮಹಡಿಯ ತಮ್ಮ ಮನೆಯ ಬಾಲ್ಕನಿಗೆ ಅವರು ಹೋಗುತ್ತಿದ್ದುದು ಗೋಡೆ ಸವರಿಕೊಂಡೇ.

ಹಿಂದೆ ಅವರ ಪಕ್ಕದ ಮೇಜಿನಲ್ಲಿ ಉದ್ದಣ್ಣ ಅಂತ ಒಬ್ಬನಿದ್ದ. ಆ ಕೋಣೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಬರಬೇಕಾದವನು ಅವನೊಬ್ಬನೇ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಅವನು ದಿನಾ ಐವತ್ತೇಳನೇ ಹಾಳೆ ಎಳೆದು ಮೇಜಿನ ಮೇಲೆ ಹರಡುತ್ತಿದ್ದ.

"ಬಾರೋ, ಈ ಭಾನುವಾರ ಇದಕ್ಕೆ ಹೋಗಿ ಬರೋಣ. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆಗೆ ಮನೇಲಿರ್ತೀಯ."

"ಈ ಭಾನುವಾರ ಬೇಡ ಮಾರಾಯ," ಎನ್ನುವರು ಗುಮಾಸ್ತರು. "ಬರೋದು ನೋಡೋಣ."

ಹೀಗೆ ಬರೋದು ನೋಡುತ್ತಾ ನೋಡುತ್ತಾ ಹನ್ನೊಂದು ವರ್ಷದ ಭಾನುವಾರಗಳು ಹೋದವು. ಒಂದು ಸಲ ನೆಗಡಿ, ಒಂದು ಸಲ ಚಪ್ಪಲಿ, ಒಂದು ಸಲ ಸೊಂಟ. ಕೊನೆಗೆ ಉದ್ದಣ್ಣ ಒಂದು ದಿನ ರಾಜೀನಾಮೆ ಬರೆದಿಟ್ಟು ಬೆಟ್ಟದ ಮಾರ್ಗದರ್ಶಕನಾಗಲು ಹೊರಟೇ ಹೋದ. ಸೂಪರಿಂಟೆಂಡೆಂಟರಿಗೆ ಅದು ಸ್ವಂತ ಕೆನ್ನೆಗೆ ಹೊಡೆದಂತಾಯಿತು. "ಪಿಂಚಣಿ ಇರೋ ಕೆಲಸ ಬಿಟ್ಟು ಜನಕ್ಕೆ ದಾರಿ ತೋರಿಸ್ತಾನಂತೆ! ದಾರಿ ಇದ್ದರೆ ಜನ ತಾವೇ ಹೋಗ್ತಾರಪ್ಪ," ಅಂತ ಒಂದು ವಾರ ಗೊಣಗಿದರು.

ಉದ್ದಣ್ಣ ದೂರದ ಹಿಮದ ಬೆಟ್ಟಗಳಿಂದ ಆಗಾಗ ಕಾಗದ ಬರೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಅಲ್ಲೊಂದು ಕಡೆ ಮೇಲಿನಿಂದ ಬಂಡೆ ಉರುಳಿತು. ಅವನ ಹಿಂದೆ ಹಗ್ಗ ಹಿಡಿದಿದ್ದ ಇಬ್ಬರು ಮನೆಗೆ ಹೋದರು. ಅವನು ಹೋಗಲಿಲ್ಲ.

ಆಮೇಲೂ ಗುಮಾಸ್ತರು ಡಬ್ಬಿ ಮುಚ್ಚಿದ ಮೇಲೆ ಐವತ್ತೇಳನೇ ಹಾಳೆಯನ್ನು ಹೊರಗೆ ತೆಗೆಯುತ್ತಿದ್ದರು. ಒಂದು ಗಳಿಗೆ ನೋಡಿ, ಒಳಗಿಡುತ್ತಿದ್ದರು. ಯಾರಾದರೂ ಕೇಳಿದರೆ, "ಗೆದ್ದಲು ಹಿಡಿದಿದೆಯಾ ಅಂತ ನೋಡ್ತಿದ್ದೆ," ಎನ್ನುವರು.

ಹೀಗಿರುವಾಗ ಕಚೇರಿಯ ಫಲಕದ ಮೇಲೆ ಒಂದು ಪ್ರಕಟಣೆ ಬಂತು: ಉದ್ದಣ್ಣ ಸ್ಮಾರಕ ಪ್ರಶಸ್ತಿ. ಬೆಟ್ಟದ ಮಾರ್ಗದರ್ಶಕರೋ ಆರೋಹಣ ತಂಡದ ನಾಯಕರೋ ಆಗಬೇಕೆಂದು ಆಸೆಯಿರುವ ಒಬ್ಬರಿಗೆ ಒಂದು ವರ್ಷದ ತರಬೇತಿ, ಬೂಟು, ಹಗ್ಗ. ಕೆಳಗೆ ಅರ್ಜಿ ನಮೂನೆಗಳನ್ನು ದಾರದಲ್ಲಿ ಪೋಣಿಸಿ ತೂಗುಹಾಕಿದ್ದರು.

ಗುಮಾಸ್ತರು ಒಂದನ್ನು ಹರಿದುಕೊಂಡರು. ಗೆಳೆಯನ ಹೆಸರು ಅಚ್ಚಾಗಿದೆಯಲ್ಲ, ಮನೆಯಲ್ಲಿ ಇಟ್ಟುಕೊಳ್ಳೋಣ ಅಂತ, ಅಷ್ಟೇ. ಆದರೆ ಇಪ್ಪತ್ತೊಂಬತ್ತು ವರ್ಷ ನೌಕರಿ ಮಾಡಿದವನ ಮುಂದೆ ಖಾಲಿ ನಮೂನೆ ಇಟ್ಟರೆ ಏನಾಗುತ್ತದೆಂಬುದು ಮನೆಯಲ್ಲಿ ಗುಮಾಸ್ತರಿರುವ ಎಲ್ಲರಿಗೂ ಗೊತ್ತು. ಅಂದು ಸಂಜೆ ಅವರ ಕೈ ತಾನೇ ತಾನಾಗಿ ಪೆನ್ನು ಹಿಡಿಯಿತು.

ವಯಸ್ಸು, ಇಪ್ಪತ್ತೇಳು ಮೀರಿರಬಾರದು: "ಐವತ್ತಾರು. ಮಿತಿ ಮೀರಿದೆ. ಮನ್ನಿಸಬೇಕು."

ಎಷ್ಟು ವರ್ಷದಿಂದ ಬೆಟ್ಟಗಳ ಒಡನಾಟವಿದೆ: "ಇಪ್ಪತ್ತೊಂಬತ್ತು, ಖಾಯಂ."

ಎಷ್ಟು ಶಿಖರಗಳ ಅನುಭವವಿದೆ: "ನಾನೂರ ಹನ್ನೆರಡು."

ಅಪಘಾತಗಳೇನಾದರೂ: "ಒಮ್ಮೆ ಮೇಲಿನ ಖಾನೆ ಕುಸಿದು ಎರಡು ಪರ್ವತಸಾಲುಗಳು ಜಖಂ ಆದವು. ಅಂಟು ಹಾಕಿ ಸರಿಪಡಿಸಿದ್ದೇನೆ."

ನಿಮ್ಮ ಉಸ್ತುವಾರಿಯಲ್ಲಿ ಯಾರಾದರೂ ಕಳೆದುಹೋಗಿದ್ದುಂಟೇ: "ಒಂದು ಪ್ರಸ್ಥಭೂಮಿಯನ್ನು ನೀರಾವರಿಯವರು ಇನ್ನೂ ವಾಪಸ್ ಕೊಟ್ಟಿಲ್ಲ. ನಾಲ್ಕು ಜ್ಞಾಪನ ಪತ್ರ ಬರೆದಿದ್ದೇನೆ."

ಕೊನೆಯ ಪ್ರಶ್ನೆ, ಈ ಪ್ರಶಸ್ತಿಗೆ ಏಕೆ ಅರ್ಜಿ ಹಾಕುತ್ತಿದ್ದೀರಿ ಎಂಬುದು. ಅಲ್ಲಿ ಗುಮಾಸ್ತರು ಬಹಳ ಹೊತ್ತು ಕೂತು ಬರೆದರು: "ಅವನು ಹನ್ನೊಂದು ವರ್ಷ ಕರೆದ. ನಾನು ಹೋಗಲಿಲ್ಲ."

ಬರೆದದ್ದು ಓದಿ, ನಾಚಿಕೊಂಡು, ಮಡಚಿ ಲಕೋಟೆಗೆ ಹಾಕಿದರು. ಲಕೋಟೆಗೆ ಹಾಕಿದ ಮೇಲೆ ವಿಳಾಸ ಬರೆಯದೆ ಇರಲಾದೀತೇ? ಬರೆದರು. ವಿಳಾಸ ಬರೆದ ಮೇಲೆ ಅಂಚೆಚೀಟಿ. ಆಮೇಲೆ ಬಾಗಿಲ ಪಕ್ಕದ ಗೂಡಿನಲ್ಲಿಟ್ಟು ಮಲಗಿದರು.

ಆ ಗೂಡಿನಲ್ಲಿದ್ದದ್ದನ್ನೆಲ್ಲ ಅವರ ಹೆಂಡತಿ ಬೆಳಿಗ್ಗೆ ಹಾಲು ತರಲು ಹೋಗುವಾಗ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಒಂದು ಕಾಗದವನ್ನೂ ತಪ್ಪಿಸಿದವರಲ್ಲ. ಇದನ್ನೂ ತಪ್ಪಿಸಲಿಲ್ಲ.

ಮೂರು ವಾರದ ಮೇಲೆ ಉತ್ತರ ಬಂದಾಗ ಗುಮಾಸ್ತರು ಕಚೇರಿಯಲ್ಲಿದ್ದರು. ಮನೆಯಲ್ಲಿ ಅವರ ಭಾವಮೈದ ಇದ್ದ. ಹೆಂಡತಿಯ ತಮ್ಮನಾದ ಈತನಿಗೆ ಬೀದಿಯ ಕೊನೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಿತ್ತು. ಕೈಗೆ ಸಿಕ್ಕ ಯಾವ ಕಾಗದ ನೋಡಿದರೂ ಇದಕ್ಕೆ ಎಷ್ಟಗಲದ ಚೌಕಟ್ಟು ಬೇಕು ಎಂದೇ ಯೋಚಿಸುವ ಮನುಷ್ಯ. ಲಕೋಟೆ ಒಡೆದು ಮುಂಬದಿ ಓದಿದವನು ಕೂತಲ್ಲಿಂದ ಹಾರಿ ಎದ್ದ.

"ಅಕ್ಕಾ! ನಮ್ಮ ಭಾವ ಬೆಟ್ಟ ಹತ್ತೋರಂತೆ! ನನಗೊಂದು ಮಾತು ಹೇಳಿಲ್ಲವಲ್ಲೇ!"

ಸಂಜೆ ಗುಮಾಸ್ತರು ಮನೆಗೆ ಬರುವಷ್ಟರಲ್ಲಿ ಕಾಗದ ಗಾಜಿನ ಒಳಗೆ, ಎರಡಿಂಚಿನ ಚಿನ್ನದ ಬಣ್ಣದ ಕಟ್ಟಿನ ನಡುವೆ, ನಡುಮನೆಯ ಗೋಡೆಯ ಮೇಲಿತ್ತು. ಕೆಳಗೆ ಕಟ್ಟಡದ ಅರ್ಧ ಜನ ನಿಂತಿದ್ದರು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಓದಿದರು: "ನಾನೂರ ಹನ್ನೆರಡು ಶಿಖರಗಳ ನಿಮ್ಮ ಅರ್ಜಿಯನ್ನು ಸಮಿತಿಯು ಅತ್ಯಂತ ಸಂತೋಷದಿಂದ ಓದಿತು. ಅಂತಿಮ ಪರೀಕ್ಷೆಗೆ ತಾವು ತಪ್ಪದೆ ಬರಬೇಕು. ತಾವಿಲ್ಲದೆ ಈ ಸಲದ ಪರೀಕ್ಷೆ ನಡೆಯಲಾರದು." ಅದರ ಕೆಳಗೆ ದಿನಾಂಕ, ಒಂದು ಶನಿವಾರ. ಅದರ ಕೆಳಗೆ ಜಾಗ.

ಜಾಗ ಓದಿದವರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಅದು ಐವತ್ತೇಳನೇ ಹಾಳೆಯ ಬೆಟ್ಟದ ಬುಡ.

"ಇದು ತಪ್ಪಾಗಿದೆ," ಎಂದರು ಗುಮಾಸ್ತರು. "ನಾನು ಬೆಟ್ಟ ಹತ್ತೋನಲ್ಲ."

"ನೋಡಿದ್ರಾ!" ಭಾವಮೈದ ಜನರ ಕಡೆ ತಿರುಗಿದ. "ನಾನೂರ ಹನ್ನೆರಡು ಹತ್ತಿದ್ರೂ ಹತ್ತಿಲ್ಲ ಅಂತಾರೆ! ದೊಡ್ಡವರು ಅಂದ್ರೆ ಇವರು!"

"ಅದು ನಾನು ಹತ್ತಿದ್ದಲ್ಲಪ್ಪ, ಸುತ್ತಿಟ್ಟಿದ್ದು!"

"ಕೇಳಿದ್ರಾ? ಸುತ್ತಿ ಇಟ್ಟುಬಿಟ್ಟಿದ್ದಾರಂತೆ!"

ಮೇಲಿನ ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರು ಮುಂದೆ ಬಂದು ಗುಮಾಸ್ತರ ಮೀನಖಂಡ ಹಿಡಿದು ನೋಡಿದರು. ಹಣ್ಣಿನಂಗಡಿಯಲ್ಲಿ ಹಣ್ಣು ಅದುಮಿ ನೋಡುವ ಹಾಗೆ. "ಮೆತ್ತಗಿದೆ. ಪರವಾಗಿಲ್ಲ, ಹನ್ನೆರಡು ದಿನ ಇದೆ," ಎಂದರು.

ಮಾರನೇ ಬೆಳಿಗ್ಗೆಯಿಂದ ತರಬೇತಿ ಶುರು. ಕಟ್ಟಡದ ಮೆಟ್ಟಿಲು ಐವತ್ತನಾಲ್ಕು. ಬೆನ್ನಿಗೆ ಎಂಟು ಕಿಲೋ ಹಳೇ ಪೇಪರಿನ ಚೀಲ. ಕೆಳಗಿನಿಂದ ಮೇಷ್ಟ್ರು ಸೀಟಿ ಊದುವರು, ಗುಮಾಸ್ತರು ಗೋಡೆ ಸವರಿಕೊಂಡು ಏರುವರು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು ಜನ ನಿಂತಿರುವರು. ಮೊದಲ ಮಹಡಿಯ ದರ್ಜಿ ಇಂಚುಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಬಂದು, "ನಿನ್ನೆಗಿಂತ ವಾಸಿ, ನಿನ್ನೆ ಇಲ್ಲಿ ಕೂತಿದ್ರಿ," ಎನ್ನುವನು. ಮೂರನೇ ದಿನ ಗುಮಾಸ್ತರು ತುದಿ ತಲುಪಿ ನೀರಿನ ಟ್ಯಾಂಕಿನ ಕಾಲು ಅಪ್ಪಿಕೊಂಡರು. ಅವರ ಕೈ ಬಿಡಿಸಿ ಕೆಳಗಿಳಿಸಲು ಮೇಷ್ಟ್ರು, ದರ್ಜಿ, ಭಾವಮೈದ ಮೂವರೂ ಬೇಕಾಯಿತು. ಭಾವಮೈದ ಇದಕ್ಕೂ ವಿವರಣೆ ಕೊಟ್ಟ: "ಹಿಮ ಇರೋ ಕಡೆ ಅಭ್ಯಾಸ ಆಗಿರೋರಿಗೆ ಈ ಎತ್ತರ ಒಗ್ಗಲ್ಲ. ಕಮ್ಮಿ ಆಗುತ್ತೆ."

ಶನಿವಾರ ಕಚೇರಿಗೆ ಕೆಲಸದ ದಿನ. ಹಾಗಾಗಿ ಸುದ್ದಿ ಸೂಪರಿಂಟೆಂಡೆಂಟರ ತನಕ ಹೋಗಲೇಬೇಕಾಯಿತು.

"ಏನ್ರೀ, ಬೆಟ್ಟಕ್ಕೆ ಹೋಗ್ತೀರಂತೆ. ಯಾವುದು?"

"ಐವತ್ತೇಳು, ಸಾರ್."

"ಅದು ನಮ್ಮ ಕಚೇರಿ ಬೆಟ್ಟ ಅಲ್ವೇನ್ರೀ?"

"ನಕ್ಷೆ ನಮ್ಮದು ಸಾರ್. ಬೆಟ್ಟ ಹೊರಗಿದೆ."

ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಯೋಚಿಸಿದರು. "ನಕ್ಷೆ ನೋಡ್ಕೊಳ್ಳೋ ನೌಕರನೇ ಹೋಗಿ ಅದರ ಮೇಲೆ ನಿಂತ್ಕೊಂಡ್ರೆ, ನಾಳೆ ಅಳತೆ ಬಗ್ಗೆ ಯಾರಾದ್ರೂ ಆಕ್ಷೇಪಣೆ ತೆಗೆದ್ರೆ ಉತ್ತರ ಕೊಡೋರು ಯಾರು?"

"ಹಾಗಾದ್ರೆ ಹೋಗೋದು ಬೇಡ ಅಂತ ಬರೆದುಬಿಡಿ ಸಾರ್," ಎಂದರು ಗುಮಾಸ್ತರು ಆಸೆಯಿಂದ.

ಆದರೆ ಬೇಡ ಎಂದು ಬರೆಯುವುದಕ್ಕೂ ಒಂದು ನಿಯಮ ಬೇಕಲ್ಲ. ಇಬ್ಬರೂ ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಸೂಪರಿಂಟೆಂಡೆಂಟರು ಹೀಗೆ ಬರೆದರು: "ಅನುಮತಿಸಿದೆ. ಸದರಿ ನೌಕರರು ಬೆಟ್ಟದ ಎತ್ತರದಲ್ಲಿ ಯಾವುದೇ ಬದಲಾವಣೆ ಮಾಡತಕ್ಕದ್ದಲ್ಲ."

ಹೋಗುವ ಮುನ್ನಾ ದಿನ ಸಂಜೆ ಗುಮಾಸ್ತರು ಅಡುಗೆಮನೆಗೆ ಹೋಗಿ, ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಮುಂದೆ ಕೂತು ಎಲ್ಲ ಒಪ್ಪಿಕೊಂಡರು.

"ನೋಡು, ನಾನು ಯಾವ ಬೆಟ್ಟಾನೂ ಹತ್ತಿಲ್ಲ."

"ನನಗೆ ಗೊತ್ತಿಲ್ವೇ? ಸ್ಟೂಲು ಹತ್ತೋದು ಯಾರು ಈ ಮನೇಲಿ?"

"ಮತ್ತೆ ಆ ಕಾಗದ ಯಾಕೆ ಅಂಚೆಗೆ ಹಾಕಿದೆ?"

"ಚೀಟಿ ಅಂಟಿಸಿದ್ರಲ್ಲ."

"ನಾಳೆ ಹೊಟ್ಟೆನೋವು ಅಂತ ಹೇಳಿಬಿಡ್ತೀನಿ."

ಹೆಂಡತಿ ಚಾಕು ಕೆಳಗಿಟ್ಟರು. "ಉದ್ದಣ್ಣನವರು ಕರೆದಾಗೆಲ್ಲ ನೀವು ಇಲ್ಲ ಅಂತಿದ್ರಿ. ಆಮೇಲೆ ಇಡೀ ಭಾನುವಾರ ಇದೇ ಕಿಟಕಿ ಹತ್ರ ನಿಂತ್ಕೊಂಡು, ಈಗ ಬಸ್ಸು ಇಳಿದಿರ್ತಾನೆ, ಈಗ ಅರ್ಧ ಹತ್ತಿರ್ತಾನೆ ಅಂತಿದ್ರಿ. ಹನ್ನೊಂದು ವರ್ಷ ಕೇಳಿದ್ದೀನಿ ನಾನು. ಹೋಗಿ ಬನ್ನಿ. ತಪ್ಪಾಗಿದ್ರೆ ಅಲ್ಲಿ ಹೇಳಿ, ಬೆಟ್ಟ ನೋಡ್ಕೊಂಡು ಬನ್ನಿ. ನೋಡೋದಕ್ಕೆ ಪರೀಕ್ಷೆ ಇಲ್ಲವಲ್ಲ."

ಗುಮಾಸ್ತರು ತರಕಾರಿ ಹೋಳುಗಳನ್ನು ಸಾಲಾಗಿ ಜೋಡಿಸಿದರು.

ಶನಿವಾರ ಬೆಳಿಗ್ಗೆ ಕಟ್ಟಡವಿಡೀ ಬಸ್ಸಿನ ತನಕ ಬಂತು. ಭಾವಮೈದ ಕಟ್ಟು ಹಾಕಿದ ಕಾಗದವನ್ನು ಬಟ್ಟೆಯಲ್ಲಿ ಸುತ್ತಿ ಅವರ ತೊಡೆಯ ಮೇಲಿಟ್ಟ. "ಅಲ್ಲಿ ಯಾರಾದ್ರೂ ಅನುಮಾನ ಪಟ್ರೆ ತೋರಿಸಿ ಭಾವ."

ಬಸ್ಸು ಒಂದು ತಿರುವು ದಾಟಿದ ಕೂಡಲೇ ಬೆಟ್ಟ ಕಾಣಿಸಿತು. ಗುಮಾಸ್ತರಿಗೆ ಅದರ ಪ್ರತಿ ಮಡಿಕೆಯೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದು ಇಷ್ಟು ಹಸಿರಾಗಿದೆ ಎಂಬುದು, ಮತ್ತು ನಿಂತಿದೆ ಎಂಬುದು. ಇಷ್ಟು ವರ್ಷ ಅದು ಅವರ ಮುಂದೆ ಮಲಗಿಕೊಂಡೇ ಇತ್ತಲ್ಲ.

ಬೆಟ್ಟದ ಬುಡದಲ್ಲಿ ಒಂದು ತಂಗುಮನೆ. ಒಳಗೆ ಉದ್ದನೆಯ ಮೇಜಿನ ಹಿಂದೆ ಉದ್ದಣ್ಣನ ಅಕ್ಕ ಕೂತಿದ್ದರು. ಎಪ್ಪತ್ತು ದಾಟಿದವರು, ತಮ್ಮ ಎಷ್ಟು ಉದ್ದವಿದ್ದನೋ ಇವರು ಅಷ್ಟೇ ಗಿಡ್ಡ. ಮೇಜಿನ ಮೇಲೆ ಅವರ ತಲೆ ಮತ್ತು ಊರುಗೋಲಿನ ತುದಿ ಮಾತ್ರ ಕಾಣುತ್ತಿತ್ತು. ಎರಡು ಪಕ್ಕದಲ್ಲಿ ಇಬ್ಬರು ಹಳೇ ಮಾರ್ಗದರ್ಶಕರು, ಅವರೇ ಪರೀಕ್ಷಕರು: ಒಬ್ಬರಿಗೆ ಬಿಳಿಗಡ್ಡ, ಇನ್ನೊಬ್ಬರಿಗೆ ಕೆಂಪು ಟೋಪಿ. ಗೋಡೆಯ ಪಕ್ಕದ ಬೆಂಚಿನಲ್ಲಿ ನಾಲ್ವರು ಅಭ್ಯರ್ಥಿಗಳು, ಎಲ್ಲರೂ ಗುಮಾಸ್ತರ ಅರ್ಧ ವಯಸ್ಸಿನವರು.

ಗುಮಾಸ್ತರು ಮೇಜಿನ ಮುಂದೆ ನಿಂತು ಕೈ ಮುಗಿದು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದರು: "ಅಮ್ಮಾ, ನಾನು ನಕ್ಷೆ ಗುಮಾಸ್ತ, ಒಂದು ಬೆಟ್ಟಾನೂ ಹತ್ತಿಲ್ಲ, ಅರ್ಜಿ ನನ್ನ ಹೆಂಡತಿ ಅಂಚೆಗೆ ಹಾಕಿದ್ದು, ಚೀಟಿ ಅಂಟಿಸಿದ ತಪ್ಪು ನನ್ನದು, ಕ್ಷಮಿಸಬೇಕು."

ಅಕ್ಕ ಊರುಗೋಲು ತಟ್ಟುತ್ತಾ ನಗಲು ಶುರುಮಾಡಿದರು. "ಗೊತ್ತಪ್ಪಾ. ಪರ್ವತಸಾಲಿಗೆ ಅಂಟು ಹಾಕಿದ್ದು ಓದಿ ಎರಡು ದಿನ ನಕ್ಕಿದ್ದೀವಿ. ಕಾಗದದ ಹಿಂಬದಿ ಓದ್ಲಿಲ್ವಾ?"

"ಹಿಂಬದಿ ಇತ್ತೇ?"

ಬಟ್ಟೆ ಬಿಚ್ಚಿದರು. ಗಾಜು, ಕಟ್ಟು, ಹಿಂದೆ ರಟ್ಟು, ರಟ್ಟಿಗೆ ಇಪ್ಪತ್ತು ಮೊಳೆ. ಕೆಂಪು ಟೋಪಿಯವರು ಚಾಕುವಿನಿಂದ ಒಂದೊಂದೇ ಮೊಳೆ ಎಬ್ಬಿಸಿದರು. ಕಾಗದದ ಕೆಳ ಅಂಚಿನಲ್ಲಿ, ಎರಡಿಂಚಿನ ಚಿನ್ನದ ಕಟ್ಟು ಮುಚ್ಚಿದ್ದ ಕಡೆ, "ಹಿಂಬದಿ ನೋಡಿ" ಎಂದಿತ್ತು. ಹಿಂಬದಿಯಲ್ಲಿ: "ಅಭ್ಯರ್ಥಿಯಾಗಿ ಅಲ್ಲ. ಅಭ್ಯರ್ಥಿಗಳು ಬೆಟ್ಟ ಹತ್ತಿಸಬೇಕಾದ ಪ್ರವಾಸಿಯಾಗಿ."

"ಹೋದ ವರ್ಷ ಒಬ್ಬ ಕಾಲೇಜು ಹುಡುಗನ್ನ ಪ್ರವಾಸಿ ಮಾಡಿದ್ವಿ," ಎಂದರು ಬಿಳಿಗಡ್ಡದವರು. "ಅವನು ಎಲ್ಲರಿಗಿಂತ ಮುಂಚೆ ಓಡಿ ಹತ್ತಿ ಮೇಲಿಂದ ಕೈ ಬೀಸಿದ. ಅದೇನು ಪರೀಕ್ಷೆ? ನಮಗೆ ನಿಜವಾಗ್ಲೂ ಹೆದರೋರು ಬೇಕಿತ್ತು."

"ನನ್ನ ತಮ್ಮ ಮನೆಗೆ ಬಂದಾಗೆಲ್ಲ ನಿಮ್ಮ ಸುದ್ದಿ, ನಿಮ್ಮ ಸ್ಟೂಲಿನ ಸುದ್ದಿ ಹೇಳ್ತಿದ್ದ," ಎಂದರು ಅಕ್ಕ, ನಗು ನಿಲ್ಲಿಸಿ. "ಗಟ್ಟಿಮುಟ್ಟಾದವರನ್ನ ಯಾರು ಬೇಕಾದ್ರೂ ಹತ್ತಿಸ್ತಾರಕ್ಕ, ನನ್ನ ಪಕ್ಕದ ಮೇಜಿನವನನ್ನ ಹತ್ತಿಸಿದ ದಿನ ನಾನು ಮಾರ್ಗದರ್ಶಕ, ಅಂತಿದ್ದ. ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಮುಂದಿನ ಬಸ್ಸು ಹತ್ತು ಗಂಟೆಗಿದೆ."

ಗುಮಾಸ್ತರು ಗಡಿಯಾರ ನೋಡಿದರು. ಬಾಗಿಲ ಆಚೆ ಬೆಟ್ಟ ನೋಡಿದರು. "ಸೂಪರಿಂಟೆಂಡೆಂಟರು ಅನುಮತಿ ಕೊಟ್ಟಿದ್ದಾರೆ," ಎಂದರು, ಸಣ್ಣ ದನಿಯಲ್ಲಿ.

ದಾರಿಯನ್ನು ನಾಲ್ಕು ಭಾಗ ಮಾಡಿ ಚೀಟಿ ಎತ್ತಿದರು. ಒಂದೊಂದು ಭಾಗಕ್ಕೆ ಒಬ್ಬೊಬ್ಬ ಅಭ್ಯರ್ಥಿ. ಪರೀಕ್ಷಕರಿಬ್ಬರೂ ಪುಸ್ತಕ ಹಿಡಿದು ಹಿಂದೆ.

ಮೊದಲ ಭಾಗ ಕಾಡುದಾರಿ, ಜೋರು ಗಂಟಲಿನ ಯುವಕನದು. "ಬನ್ನಿ ಬನ್ನಿ ಬನ್ನಿ! ಆಗುತ್ತೆ ಆಗುತ್ತೆ!" ಎಂದು ಬಸ್ಸಿನ ಕಂಡಕ್ಟರನಂತೆ ಕೂಗುತ್ತಲೇ ಇದ್ದ. ಗುಮಾಸ್ತರು ಗಾಬರಿಯಿಂದ ಎರಡು ಸಲ ಬದಿಗೆ ಸರಿದು ನಿಂತು ಅವನಿಗೇ ದಾರಿ ಬಿಟ್ಟರು. ಎರಡನೆಯವನು ಪಾಠದವನು, ಬಂಡೆಗಳಿಗೆ ಎಷ್ಟು ಕೋಟಿ ವರ್ಷ, ಯಾವುದು ಯಾವಾಗ ಬಿರುಕುಬಿಟ್ಟಿತು ಎಂದು ಹೇಳಿಕೊಂಡೇ ಹೋದ. ಇಷ್ಟು ವರ್ಷಕ್ಕೆ ಬಿರುಕುಬಿಟ್ಟದ್ದು ಇವತ್ತು ಬೀಳಬಾರದೆಂದು ಏನು ಭರವಸೆ ಎಂದು ಕೇಳಿದಾಗ ಅವನು ಬೇಗಬೇಗ ಮುಂದಿನ ಬಂಡೆಯ ವಯಸ್ಸು ಹೇಳತೊಡಗಿದ. ಮೂರನೆಯವನು ಮಾತೇ ಆಡದೆ ಗುಮಾಸ್ತರನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಎತ್ತಿ ಇಡುತ್ತಾ, ಕಪಾಟು ಸಾಗಿಸಿದಂತೆ ಬಂಡೆಗಳ ಮೇಲೆ ಸಾಗಿಸಿದ. ಕೆಂಪು ಟೋಪಿಯವರು ಏನೋ ಬರೆದುಕೊಂಡರು.

ನಾಲ್ಕನೇ ಭಾಗ, ಕೋಡಿನ ಮೇಲಿನ ಕಡಿದಾದ ಏರು. ಅದು ಹಾಲಿನ ವ್ಯಾನು ಓಡಿಸುವವಳ ಪಾಲಿಗೆ ಬಂತು. ಇಪ್ಪತ್ತೇಳು ವರ್ಷದ ಹೆಣ್ಣು. ಬೆಳಗಿನ ಜಾವ ಹಾಲು ಹಂಚಿ ಮುಗಿಸಿ, ಮಿಕ್ಕ ಹೊತ್ತಿನಲ್ಲಿ ಬೆಟ್ಟ ಕಲಿತವಳು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕಡೆಯ ಅವಕಾಶ.

ಏರು ನೋಡಿದ ಕೂಡಲೇ ಗುಮಾಸ್ತರು ಒಂದು ಕಲ್ಲು ಅಪ್ಪಿಕೊಂಡು ಕೂತುಬಿಟ್ಟರು. "ನಾನು ಇಲ್ಲೇ ಇರ್ತೀನಿ. ನೀವೆಲ್ಲ ಹೋಗ್ಬನ್ನಿ."

ಅವಳು 'ಏಳಿ' ಎನ್ನಲಿಲ್ಲ. ಪಕ್ಕದಲ್ಲಿ ತಾನೂ ಕೂತು, ಬೂಟಿನ ದಾರ ಬಿಗಿಮಾಡಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಸಾರ್, ನಕ್ಷೇಲಿ ಇಲ್ಲಿಂದ ಮುಂದೆ ಏನಿದೆ?"

"ಎತ್ತರದ ಗೆರೆಗಳು ಒತ್ತೊತ್ತಾಗಿ ಬರ್ತವೆ," ಎಂದರು ಗುಮಾಸ್ತರು, ಕಣ್ಣು ಮುಚ್ಚಿಕೊಂಡೇ. "ಇಪ್ಪತ್ತು ಮೀಟರಿಗೆ ಒಂದು ಗೆರೆ. ಎಂಟು ಗೆರೆ. ಆಮೇಲೆ ಸ್ವಲ್ಪ ಸಮತಟ್ಟು. ಅಲ್ಲಿ ಒಂದು ಚುಕ್ಕೆ ಇಟ್ಟು 'ಒಂಟಿ ಮರ' ಅಂತ ಬರೆದಿದೆ. ಅದರ ಮೇಲೆ ಮೂರೇ ಗೆರೆ, ತುದಿ."

"ಆ ಮರ ಇನ್ನೂ ಇದೆಯಾ?"

ಗುಮಾಸ್ತರು ಕಣ್ಣು ಬಿಟ್ಟರು. ಇದನ್ನು ಅವರು ಯೋಚಿಸಿಯೇ ಇರಲಿಲ್ಲ. ನಕ್ಷೆ ಬರೆದು ನಲವತ್ತು ವರ್ಷ. "ಇಲ್ಲದಿದ್ರೆ ತಿದ್ದುಪಡಿ ಹಾಕ್ಬೇಕು."

"ನೋಡಿಬಿಡೋಣ ಹಾಗಾದ್ರೆ," ಅವಳು ಹಗ್ಗ ಬಿಚ್ಚಿ ಅವರ ಸೊಂಟಕ್ಕೂ ತನ್ನ ಸೊಂಟಕ್ಕೂ ಕಟ್ಟಿದಳು. "ಗೆರೆ ನೀವು ಎಣಿಸಿ. ಕಾಲಿಡೋ ಜಾಗ ನಾನು ತೋರಿಸ್ತೀನಿ. ಬೇಡ ಅನ್ನಿಸಿದಾಗ ಹೇಳಿ, ಇಬ್ಬರೂ ಕೂತ್ಕೊಳ್ಳೋಣ."

ಮೊದಲ ಗೆರೆಯಲ್ಲಿ ನಾಲ್ಕು ಸಲ ಕೂತರು. ಎರಡನೆಯದರಲ್ಲಿ ಮೂರು ಸಲ. ಐದನೇ ಗೆರೆಯಲ್ಲಿ ಗುಮಾಸ್ತರು, ಇಲ್ಲಿ ಎಡಕ್ಕೆ ತಿರುಗಬೇಕು, ಗೆರೆ ಒಳಗೆ ಬಾಗಿದೆ ಎಂದರು. ಅಲ್ಲಿ ನಿಜವಾಗಿಯೂ ಒಂದು ಕೊರಕಲು ಇತ್ತು. ಅವರ ಮುಖ ಕೆಂಪಾಯಿತು; ದಣಿವಿಗಲ್ಲ. "ಸರಿಯಾಗಿದೆ!" ಎಂದು ಹಿಂದಿದ್ದ ಪರೀಕ್ಷಕರಿಗೆ ಕೂಗಿ ಹೇಳಿದರು. "ನಕ್ಷೆ ಸರಿಯಾಗಿದೆ!"

ಎಂಟು ಗೆರೆ ಮುಗಿದಾಗ ಮರ ಸಿಕ್ಕಿತು. ಗಾಳಿಗೆ ಒಂದೇ ಕಡೆ ಬಾಗಿ, ಸೊಟ್ಟಗೆ, ಆದರೆ ಇತ್ತು. ಗುಮಾಸ್ತರು ಅದರ ತೊಗಟೆ ಮುಟ್ಟಿದರು. ಕೆಳಗೆ ನೋಡಿದರು, ತಾವು ಕೆಳಗೆ ನೋಡುತ್ತಿದ್ದೇವೆ ಎಂಬುದು ಅವರಿಗೆ ಆಮೇಲೆ ಗೊತ್ತಾಯಿತು. ಆಮೇಲೆ ಮೇಲೆ ನೋಡಿದರು. ಮೂರು ಗೆರೆ, ಅರವತ್ತು ಮೀಟರ್. ಅವರ ಕಾಲು ತಾನಾಗಿ ಮುಂದಕ್ಕೆ ಹೋಯಿತು.

ಹಗ್ಗ ಬಿಗಿಯಾಯಿತು. ಹಾಲಿನ ವ್ಯಾನಿನವಳು ನಿಂತಿದ್ದಳು. ಅವಳ ಕಣ್ಣು ಪಡುವಣದ ಕಡೆ ಇತ್ತು. ಅಲ್ಲಿಂದ ಮೋಡ ಕೋಡಿನ ಮೇಲೆ ಹಾಲು ಉಕ್ಕಿದ ಹಾಗೆ ಹತ್ತಿ ಬರುತ್ತಿತ್ತು. ಮೊದಲ ಹನಿ ಬಂಡೆಯ ಮೇಲೆ ಬಿತ್ತು.

"ಇಳಿಯೋಣ ಸಾರ್."

"ಏನಂದ್ರಿ?"

"ಬಂಡೆ ನೆನೆದ್ರೆ ನಿಮ್ಮನ್ನ ಇಳಿಸೋಕೆ ನನ್ನ ಕೈಲಾಗಲ್ಲ. ಈಗ ಇಳಿದ್ರೆ ಆಗುತ್ತೆ."

"ಮೂರೇ ಗೆರೆ ಅಮ್ಮಾ!" ಗುಮಾಸ್ತರು ಕೂಗಿದರು. ಜನ್ಮದಲ್ಲಿ ಯಾರ ಮೇಲೂ ದನಿ ಏರಿಸದವರು. "ಮೂರೇ! ದಿನಾ ನೋಡ್ತೀನಿ ನಾನು ಆ ತುದೀನ. ಇಷ್ಟು ಹತ್ರ ಬಂದು... ನಾನು ಹೆದರ್ತಾ ಇಲ್ಲ, ನೋಡಿ, ಹೆದರ್ತಾ ಇಲ್ಲ ನಾನು!"

"ಗೊತ್ತು ಸಾರ್. ನನಗೂ ಆಸೆ ಇದೆ. ಇಲ್ಲಿಂದ ಇಳಿದ್ರೆ ನನ್ನ ಪ್ರಶಸ್ತೀನೂ ಇಲ್ಲೇ ಬಿಟ್ಟು ಇಳಿದ ಹಾಗೆ." ಅವಳು ಹಗ್ಗದ ಗಂಟು ಮತ್ತೊಮ್ಮೆ ಎಳೆದು ನೋಡಿದಳು. "ಆದ್ರೂ ಇಳಿಯೋಣ."

ಇಳಿಯುವಾಗ ಗುಮಾಸ್ತರು ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಕಾಲಿಡಿ ಅಂದ ಕಡೆ ಕಾಲಿಟ್ಟರು, ಅಷ್ಟೇ. ಒಂದೇ ಒಂದು ಸಲ ಮೋಡ ಹರಿದು ತುದಿ ಕಾಣಿಸಿತು: ಒಂದು ಕಪ್ಪು ಬಂಡೆ, ಅದರ ಬಳಿ ಗಾಳಿಗೆ ಮಲಗಿ ಏಳುತ್ತಿದ್ದ ಹುಲ್ಲು. ಬೇರೇನೂ ಇರಲಿಲ್ಲ. ಗುಮಾಸ್ತರು ಕತ್ತು ತಿರುಗಿಸಿಕೊಂಡೇ ನಿಂತರು. ಅದು ಮುಚ್ಚಿಹೋಗುವ ತನಕ ಅವಳೂ ಹಗ್ಗ ಎಳೆಯಲಿಲ್ಲ.

ತಂಗುಮನೆಯೊಳಗೆ ಮಳೆಯ ಸದ್ದಿನಲ್ಲಿ ತೀರ್ಪಿನ ಮಾತು ನಡೆಯಿತು. "ಮೂರು ಜನ ತಮ್ಮ ಭಾಗ ಪೂರ್ತಿ ಮಾಡಿದ್ದಾರೆ," ಎಂದರು ಕೆಂಪು ಟೋಪಿಯವರು. "ಇವಳೊಬ್ಬಳು ಮಾಡಿಲ್ಲ. ಬರೆದಿರೋದು ಬರೆದ ಹಾಗೆ ಹೇಳ್ತಿದ್ದೀನಿ." ಹಾಲಿನ ವ್ಯಾನಿನವಳು ಬೆಂಚಿನ ತುದಿಯಲ್ಲಿ ಹಗ್ಗ ಸುತ್ತಿಡುತ್ತಿದ್ದಳು, ತಲೆ ಎತ್ತಲಿಲ್ಲ.

"ಪ್ರವಾಸಿ ಏನಾದ್ರೂ ಹೇಳೋದಿದೆಯಾ?" ಎಂದರು ಅಕ್ಕ.

"ಇದೆ," ಗುಮಾಸ್ತರು ಎದ್ದು ನಿಂತರು. ಬಟ್ಟೆಯಿಂದ ನೀರು ಸೋರುತ್ತಿತ್ತು. "ನನ್ನದೊಂದು ದೂರು. ದಾಖಲಿಸಿಕೊಳ್ಳಬೇಕು. ಐವತ್ತಾರು ವರ್ಷದಲ್ಲಿ ಮೊದಲನೇ ಸಲ ನನಗೆ ಮುಂದೆ ಹೋಗ್ಬೇಕು ಅನ್ನಿಸ್ತು. ಕಾಲು ನಡುಗ್ತಿರಲಿಲ್ಲ. ಅಲ್ಲಿಗೆ ಹೋಗ್ಲೇಬೇಕು ಅನ್ನಿಸ್ತು. ಆಗ ಈ ಹುಡುಗಿ ನನ್ನನ್ನ ತಡೆದಳು. ನಾನು ಬೇಡ್ಕೊಂಡೆ. ಕೂಗಾಡಿದೆ. ಬಿಡಲಿಲ್ಲ. ಇಷ್ಟೇ ನನ್ನ ದೂರು."

ಬಿಳಿಗಡ್ಡದವರು ಗಡ್ಡ ನೀವಿಕೊಂಡು ಕೆಂಪು ಟೋಪಿಯವರ ಕಡೆ ನೋಡಿದರು. ಕೆಂಪು ಟೋಪಿಯವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಸ್ಟೂಲು ಹತ್ತದವರಿಗೆ ಮುಂದೆ ಹೋಗೋ ಆಸೆ ಹುಟ್ಟಿಸಿದ್ದಾಳೆ," ಎಂದರು ಅಕ್ಕ ನಿಧಾನವಾಗಿ. "ಆಮೇಲೆ ಎರಡು ಕಾಲೂ ನೆಟ್ಟಗಿರೋ ಹಾಗೆ ಕೆಳಗೆ ತಂದು ನನ್ನ ಮುಂದೆ ನಿಲ್ಲಿಸಿದ್ದಾಳೆ. ಬೈಸಿಕೊಂಡು ತಂದಿದ್ದಾಳೆ. ಇನ್ನೇನಪ್ಪ ಬೇಕು ನಿಮಗೆ?" ಅವರು ಊರುಗೋಲು ಹಿಡಿದು ಎದ್ದು, ಹಾಲಿನ ವ್ಯಾನಿನವಳ ಹತ್ತಿರ ಹೋಗಿ, ಕೈ ಎತ್ತಿ ಅವಳ ತಲೆ ಸವರಿದರು. "ಬೂಟಿನ ಅಳತೆ ಹೇಳು ಮಗಳೇ."

ಅವಳು ಅಳತೆ ಹೇಳಲು ಹೋಗಿ, ಹೇಳಲಾಗದೆ, ಸುತ್ತಿದ ಹಗ್ಗದಲ್ಲಿ ಮುಖ ಮುಚ್ಚಿಕೊಂಡಳು. ತಮ್ಮ ದೂರಿನಿಂದ ಏನಾಯಿತೆಂದು ಗುಮಾಸ್ತರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಆದ್ರೂ ದೂರು ವಾಪಸ್ ತಗೊಳ್ಳಲ್ಲ," ಎಂದರು.

ಕಡೆಯ ಬಸ್ಸು ಹೋಗಿಬಿಟ್ಟಿದ್ದರಿಂದ ಅವಳೇ ಹಾಲಿನ ವ್ಯಾನಿನಲ್ಲಿ ಅವರನ್ನು ಮನೆಗೆ ಬಿಟ್ಟಳು. ದಾರಿಯುದ್ದಕ್ಕೂ ಖಾಲಿ ಕ್ಯಾನುಗಳು ಹಿಂದೆ ಗಡಗಡ ಎನ್ನುತ್ತಿದ್ದವು. ಕಟ್ಟಡದ ಮುಂದೆ ಇಳಿಯುವಾಗ ಗುಮಾಸ್ತರು ಅವಳ ಜೊತೆ ಮತ್ತೆ ಮಾತಾಡಿದರು.

"ನಿಮಗೆ ರಜಾ ಯಾವತ್ತು?"

"ಮಂಗಳವಾರ ಸಾರ್. ತರಬೇತಿ ಮುಂದಿನ ತಿಂಗಳು. ಮಳೆ ಇಲ್ಲದಿದ್ರೆ ಈ ಮಂಗಳವಾರ ಬಂಡೆ ಒಣಗಿರುತ್ತೆ."

ಮೇಲೆ ಡ್ರಿಲ್ ಮೇಷ್ಟ್ರು, ದರ್ಜಿ, ಭಾವಮೈದ ಎಲ್ಲರೂ ಮೆಟ್ಟಿಲ ಮೇಲೆ ಕಾದಿದ್ದರು. ತುದಿ ಮುಟ್ಟಲಿಲ್ಲ ಎಂದು ಗುಮಾಸ್ತರು ಹೇಳಿದಾಗ ಭಾವಮೈದ ಬಾಗಿಲು ಹಾಕಿ, "ಇದು ನಮ್ಮನಮ್ಮಲ್ಲೇ ಇರಲಿ," ಎಂದ. ಹೆಂಡತಿ ಮಾತ್ರ ಒದ್ದೆ ಬಟ್ಟೆ ತೆಗೆದುಕೊಳ್ಳುತ್ತಾ, "ಹೇಗಿತ್ತು?" ಎಂದು ಕೇಳಿದರು. ಗುಮಾಸ್ತರು ಕೈಯಿಂದ ಬಂಡೆಯ ಆಕಾರ ತೋರಿಸಿದರು, ಹುಲ್ಲು ಹೇಗೆ ಮಲಗಿ ಏಳುತ್ತಿತ್ತು ಅಂತ ತೋರಿಸಿದರು.

ಸೋಮವಾರ ಕಚೇರಿ ತೆರೆಯುತ್ತಿದ್ದ ಹಾಗೆ ಅವರು ಸೂಪರಿಂಟೆಂಡೆಂಟರ ಮೇಜಿನ ಮೇಲೆ ರಜಾ ಅರ್ಜಿ ಇಟ್ಟರು. ದಿನ, ಮಂಗಳವಾರ. ಪ್ರಯಾಣ, ಹಾಲಿನ ವ್ಯಾನಿನಲ್ಲಿ. ಕಾರಣ ಎಂಬ ಕಡೆ ಬರೆದಿತ್ತು: "ಅರವತ್ತು ಮೀಟರ್ ಬಾಕಿ ಇದೆ."

ಸೂಪರಿಂಟೆಂಡೆಂಟರು ಅದನ್ನು ಎರಡು ಸಲ ಓದಿದರು. ಇದು ಯಾವ ನಿಯಮದಲ್ಲಿ ಬರುತ್ತದೆಂದು ಕೇಳಲು ತಲೆಯೆತ್ತಿದವರು ಗುಮಾಸ್ತರ ಮುಖ ನೋಡಿ ನಿಯಮದ ಪುಸ್ತಕ ಪಕ್ಕಕ್ಕೆ ಸರಿಸಿದರು. ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಆಮೇಲೆ ರುಜು ಹಾಕಿದರು. ಗುಮಾಸ್ತರು ಬಾಗಿಲ ತನಕ ಹೋಗಿದ್ದಾಗ ಹಿಂದಿನಿಂದ ಕರೆದರು.

"ಏನ್ರೀ, ಇಲ್ಲಿ ಬನ್ನಿ." ಅವರು ಕಿಟಕಿಯ ಕಡೆ ನೋಡುತ್ತಾ ದನಿ ತಗ್ಗಿಸಿದರು. "ಆ ವ್ಯಾನಿನಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತೇನ್ರೀ?"